ಟ್ಯಾಂಕ್ ಮೇಲೋ, ಟ್ಯಾಂಕ್ ಡಿಸ್ಟ್ರಾಯರ್ ಮೇಲೋ: ಸರಿಯಾಗಿ ಅಳೆಯುವುದು ಹೇಗೆ

ಎರಡನೇ ಮಹಾಯುದ್ಧದ ಬಗ್ಗೆ ಆಸಕ್ತಿ ಇರುವ ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಟ್ಯಾಂಕ್ ಮೇಲೋ, ಟ್ಯಾಂಕ್ ಡಿಸ್ಟ್ರಾಯರ್ (ಶತ್ರು ಟ್ಯಾಂಕ್ ತಡೆಯಲು ಬಳಸುವ ಫಿರಂಗಿ ವಾಹನ) ಮೇಲೋ? ಒಬ್ಬರು ಕವಚದ ದಪ್ಪ ಹೇಳುತ್ತಾರೆ, ಇನ್ನೊಬ್ಬರು ಫಿರಂಗಿಯ ಅಳತೆ ಹೇಳುತ್ತಾರೆ, ಮೂರನೆಯವರು ಇದು ಇಷ್ಟು ಟ್ಯಾಂಕ್ ಹೊಡೆಯಿತು, ಇಷ್ಟೇ ಕಳೆದುಕೊಂಡಿತು ಅಂತ ಲೆಕ್ಕ ಮುಂದಿಡುತ್ತಾರೆ. ಅಲ್ಲಿಗೆ ಮಾತು ಮುಗಿದ ಹಾಗೆ. ನಾನೂ ಹಲವು ವರ್ಷ ಆ ಲೆಕ್ಕವನ್ನೇ ನಂಬಿದ್ದೆ. ಆಮೇಲೆ ಒಂದೊಂದು ಕಾದಾಟವನ್ನೂ ನಕ್ಷೆ ಪಕ್ಕದಲ್ಲಿಟ್ಟುಕೊಂಡು, ಬೆಳಗ್ಗೆ ಎಷ್ಟು ಹೊತ್ತಿಗೆ ಯಾರು ಎಲ್ಲಿದ್ದರು ಅಂತ ನಿಧಾನವಾಗಿ ಓದತೊಡಗಿದಾಗ ಗೊತ್ತಾಯಿತು, ಯಂತ್ರಕ್ಕೆ ಯಂತ್ರ ಹೋಲಿಸುತ್ತಾ ಕೂತರೆ ಉತ್ತರ ಸಿಗುವುದೇ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಆ ಜಾಗದಲ್ಲಿ ಕಾದು ಕೂತಿದ್ದವರು ಯಾರು, ಬಯಲು ದಾಟಿ ಬರುತ್ತಿದ್ದವರು ಯಾರು?

ಈ ಪ್ರಶ್ನೆ ಹಿಡಿದು ಯಾವುದೇ ಕಾದಾಟವನ್ನು ಹೇಗೆ ನೋಡಬೇಕು ಅಂತ ಇಲ್ಲಿ ಬರೆದಿದ್ದೇನೆ. ಬೇಕಾಗಿರುವುದು ಆ ಕಾದಾಟದ ಒಂದು ನಕ್ಷೆ, ಒಂದು ಹಾಳೆ, ಒಂದು ಪೆನ್ಸಿಲ್. ಹಾಳೆಯ ನಡುವೆ ಗೆರೆ ಎಳೆದು ಎಡಗಡೆ 'ಕಾದು ಕೂತವರು', ಬಲಗಡೆ 'ಬರುತ್ತಿದ್ದವರು' ಅಂತ ಬರೆದುಕೊಳ್ಳಿ. ಟ್ಯಾಂಕ್, ಡಿಸ್ಟ್ರಾಯರ್ ಅಂತ ಈಗಲೇ ಬರೆಯಬೇಡಿ.

ಹೆಸರು ಬಿಡಿ, ಕೆಲಸ ನೋಡಿ

ಟ್ಯಾಂಕ್‌ನ ಕೆಲಸ ಮುಂದೆ ಹೋಗುವುದು. ಶತ್ರುವಿನ ಸಾಲನ್ನು ಒಡೆಯಬೇಕು, ಕಾಲಾಳುಗಳ ಜೊತೆ ನಡೆಯಬೇಕು, ಯಾವ ಕಡೆಯಿಂದ ಏನು ಬಂದರೂ ಆ ಕಡೆ ತಿರುಗಿ ಹೊಡೆಯಬೇಕು. ಅದಕ್ಕೇ ಅದಕ್ಕೆ ಸುತ್ತ ತಿರುಗುವ ಟರೆಟ್ (ಫಿರಂಗಿ ಕೂರಿಸಿದ ಮೇಲಿನ ಗೋಪುರ), ಮಷಿನ್ ಗನ್‌ಗಳು, ಎಲ್ಲ ಕಡೆ ಒಂದಿಷ್ಟು ಕವಚ. ಟ್ಯಾಂಕ್ ಡಿಸ್ಟ್ರಾಯರ್‌ನ ಕೆಲಸ ಒಂದೇ, ಬರುವ ಟ್ಯಾಂಕನ್ನು ತಡೆಯುವುದು.

ಆದರೆ ಈ ಒಂದು ಹೆಸರಿನಡಿ ಬೇರೆ ಬೇರೆ ಜಾತಿಯ ವಾಹನಗಳಿವೆ, ಗೊಂದಲ ಶುರುವಾಗುವುದೇ ಅಲ್ಲಿ. ಅಮೆರಿಕದ ಎಂ10, ಎಂ18, ಎಂ36 ನೋಡಲು ಟ್ಯಾಂಕ್ ಥರಾನೇ ಇವೆ, ಟರೆಟ್ ಇದೆ, ಆದರೆ ಟರೆಟ್‌ಗೆ ಮೇಲ್ಛಾವಣಿ ಇಲ್ಲ. ಜರ್ಮನಿಯ ಸ್ಟುಗ್, ಯಾಗ್ಡ್‌ಪಾಂಥರ್, ರಷ್ಯಾದ ಎಸ್‌ಯು-85, ಎಸ್‌ಯು-100 ಇವುಗಳಿಗೆ ಟರೆಟ್ಟೇ ಇಲ್ಲ, ಫಿರಂಗಿಯನ್ನು ನೇರ ದೇಹಕ್ಕೇ ಕೂರಿಸಿದ್ದಾರೆ. ಬ್ರಿಟಿಷರ ಆರ್ಚರ್‌ನಲ್ಲಂತೂ ಫಿರಂಗಿ ಹಿಂದಕ್ಕೆ ಮುಖ ಮಾಡಿದೆ. ಇನ್ನು ಸ್ಟುಗ್ ಹುಟ್ಟಿದ್ದೇ ಟ್ಯಾಂಕ್ ಹೊಡೆಯಲು ಅಲ್ಲ, ಕಾಲಾಳುಗಳಿಗೆ ಬೆಂಬಲ ಕೊಡಲು. ಅದು ಸೇರಿದ್ದು ಫಿರಂಗಿ ದಳಕ್ಕೆ. ಯುದ್ಧ ಬೆಳೆದಂತೆ ಅದರ ಕೆಲಸ ಬದಲಾಯಿತು. ಹಾಗಾಗಿ ಓದುವಾಗ ಈ ವಾಹನ ಅವತ್ತು ಏನು ಮಾಡುತ್ತಿತ್ತು ಅಂತ ಮಾತ್ರ ಗುರುತು ಹಾಕಿಕೊಳ್ಳಿ.

ಒಂದೇ ಚಾಸಿಯ ಜೋಡಿಗಳನ್ನು ಹುಡುಕಿ

ಡಿಸ್ಟ್ರಾಯರ್ ಕಟ್ಟಿದ್ದರಿಂದ ಏನು ಸಿಕ್ಕಿತು, ಏನು ಹೋಯಿತು ಅಂತ ತಿಳಿಯಲು ಬೇರೆ ಬೇರೆ ದೇಶದ ವಾಹನಗಳನ್ನು ಹೋಲಿಸಬೇಡಿ. ಒಂದೇ ಚಾಸಿಯ (ಎಂಜಿನ್, ಚಕ್ರ, ಟ್ರ್ಯಾಕ್ ಇರುವ ಕೆಳಭಾಗ) ಮೇಲೆ ಕಟ್ಟಿದ ಟ್ಯಾಂಕ್ ಮತ್ತು ಡಿಸ್ಟ್ರಾಯರ್ ಪಕ್ಕ ಪಕ್ಕ ಇಡಿ. ಅತ್ಯುತ್ತಮ ಜೋಡಿ ಅಂದರೆ ಜರ್ಮನಿಯ ಪಾಂಜರ್ 3 ಟ್ಯಾಂಕ್ ಮತ್ತು ಸ್ಟುಗ್ 3.

ಪಾಂಜರ್ 3ರ ಟರೆಟ್‌ನಲ್ಲಿ ಹಿಡಿಸಿದ ಟ್ಯಾಂಕ್ ಹೊಡೆಯುವ ಉದ್ದ ಫಿರಂಗಿ 50 ಮಿ.ಮೀ.ವರೆಗೆ ಮಾತ್ರ. ಟರೆಟ್ ಕೂರುವ ಉಂಗುರದ ಅಗಲವೇ ಅಷ್ಟು, ಅದಕ್ಕಿಂತ ದೊಡ್ಡದನ್ನು ಇಟ್ಟರೆ ಅದು ಹಿಂದಕ್ಕೆ ಒದೆಯಲು ಜಾಗ ಸಾಲದು. ಟರೆಟ್ ತೆಗೆದು, ಫಿರಂಗಿಯನ್ನು ದೇಹದೊಳಗೇ ಕೂರಿಸಿದ ಮೇಲೆ ಅದೇ ಚಾಸಿ ಉದ್ದ ಕೊಳವೆಯ 75 ಮಿ.ಮೀ. ಫಿರಂಗಿ ಹೊತ್ತುಕೊಂಡು ಓಡಾಡಿತು. ಬೆಲೆಯೂ ಕಡಿಮೆ. ಪಾಂಜರ್ 3ರ ಕೊನೆಯ ಮಾದರಿಗಳಲ್ಲಿ ಒಂದಕ್ಕೆ ಸುಮಾರು 1,03,000 ರೈಕ್ಸ್‌ಮಾರ್ಕ್ (ಆಗಿನ ಜರ್ಮನ್ ಹಣ) ಆದರೆ ಸ್ಟುಗ್‌ಗೆ ಸುಮಾರು 82,500. ಜರ್ಮನಿ ಸುಮಾರು 10,000 ಸ್ಟುಗ್ 3 ಮಾಡಿದ್ದು ಸುಮ್ನೆ ಅಲ್ಲ.

ಇನ್ನೊಂದು ಲಾಭ ಎತ್ತರ. ಇದನ್ನು ಅಂಕಿಯಲ್ಲಿ ಓದಿದರೆ ಮನಸ್ಸಿಗೆ ಇಳಿಯುವುದಿಲ್ಲ, ಹೀಗೆ ಮಾಡಿ ನೋಡಿ. ರಟ್ಟಿನಲ್ಲಿ ಎರಡು ತುಂಡು ಕತ್ತರಿಸಿ, ಒಂದು 6.2 ಸೆಂಟಿಮೀಟರ್, ಇನ್ನೊಂದು 7.8 ಸೆಂಟಿಮೀಟರ್ ಎತ್ತರ. 35ಕ್ಕೆ 1ರ ಅಳತೆಯಲ್ಲಿ ಮೊದಲನೆಯದು ಸ್ಟುಗ್, ಎರಡನೆಯದು ಅಮೆರಿಕದ ಶರ್ಮನ್ ಟ್ಯಾಂಕ್. ಎರಡನ್ನೂ ಮೇಜಿನ ತುದಿಯಲ್ಲಿ ನಿಲ್ಲಿಸಿ, ಮುಂದೆ 4 ಸೆಂಟಿಮೀಟರ್ ದಪ್ಪದ ಪುಸ್ತಕ ಮಲಗಿಸಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಎದುರಿನಿಂದ ನೋಡಿ. ಪುಸ್ತಕ ಅಂದರೆ ಹೊಲದ ಬದು ಅಂದುಕೊಳ್ಳಿ. ಒಂದು ಬದುವಿನ ಮೇಲೆ ಬರೀ 2 ಸೆಂಟಿಮೀಟರ್ ಕಾಣುತ್ತದೆ, ಇನ್ನೊಂದು ಹೆಚ್ಚು ಕಡಿಮೆ ಅದರ ಎರಡರಷ್ಟು. 800 ಮೀಟರ್ ದೂರದಿಂದ ಧೂಳಿನಲ್ಲಿ ದುರ್ಬೀನು ಹಿಡಿದು ನೋಡುವವನಿಗೆ ಅಷ್ಟೇ ವ್ಯತ್ಯಾಸದಲ್ಲಿ ಸಾವು ಬದುಕು ತೀರ್ಮಾನವಾಗುತ್ತದೆ. ನಾನು ಇದನ್ನು ಮೊದಲ ಸಲ ಮಾಡಿ ನೋಡಿದ ದಿನ ಎಷ್ಟೋ ಹೊತ್ತು ಮೇಜಿನ ಹತ್ತಿರವೇ ಕೂತಿದ್ದೆ.

ಇಷ್ಟೆಲ್ಲ ಸಿಕ್ಕಿದ್ದಕ್ಕೆ ಏನು ಕೊಟ್ಟರು? ತಿರುಗುವ ಶಕ್ತಿ. ಸ್ಟುಗ್ ಫಿರಂಗಿ ಎಡಕ್ಕೆ ಬಲಕ್ಕೆ ಸುಮಾರು 10 ಡಿಗ್ರಿ ತಿರುಗುತ್ತದೆ, ಅಷ್ಟೇ. ಶತ್ರು ಅದಕ್ಕಿಂತ ಪಕ್ಕದಿಂದ ಬಂದರೆ ಡ್ರೈವರ್ ಎಂಜಿನ್ ಜೋರು ಮಾಡಿ ಸುಮಾರು 24 ಟನ್ ತೂಕದ ಇಡೀ ವಾಹನವನ್ನೇ ತಿರುಗಿಸಬೇಕು. ಹಾಗೆ ತಿರುಗಿಸಿದರೆ ಸದ್ದು, ಹೊಗೆ, ಮಣ್ಣು, ಮೇಲೆ ಹಾಕಿಕೊಂಡ ಸೊಪ್ಪು ಕೊಂಬೆ ಎಲ್ಲ ಅಲುಗಾಡಿ ಅಡಗಿದ ಜಾಗ ಬಯಲಾಗುತ್ತದೆ. ಬದುವಿನ ಹಿಂದೆ ಕೂತಿರುವಾಗ ಇದು ದೊಡ್ಡ ಕೊರತೆ ಅಲ್ಲ. ಊರೊಳಗಿನ ಬೀದಿಯಲ್ಲಿ ಮುಂದೆ ಹೋಗುತ್ತಿರುವಾಗ, ಪಕ್ಕದ ಓಣಿಯಿಂದ ಟ್ಯಾಂಕ್ ಬಂದರೆ ಮುಗಿಯಿತು.

ಟರೆಟ್ ಇದ್ದ ಮಾತ್ರಕ್ಕೆ ಸಮಸ್ಯೆ ಇಲ್ಲ ಅಂದುಕೊಳ್ಳಬೇಡಿ. ಎಂ10ರ ಟರೆಟ್ ತಿರುಗಿಸಲು ಮೋಟರ್ ಇರಲಿಲ್ಲ, ಗನ್ನರ್ ಕೈಯಲ್ಲಿ ಹಿಡಿ ತಿರುಗಿಸಬೇಕಿತ್ತು. ಪೂರ್ತಿ ಒಂದು ಸುತ್ತಿಗೆ ಒಂದು ನಿಮಿಷಕ್ಕೂ ಜಾಸ್ತಿ. ಶರ್ಮನ್ ಅದನ್ನು ಸುಮಾರು 15 ಸೆಕೆಂಡಿನಲ್ಲಿ ಮಾಡುತ್ತಿತ್ತು.

ಇಸವಿ ಬರೆದುಕೊಳ್ಳುವುದನ್ನು ಮರೆಯಬೇಡಿ

1943ರಲ್ಲಿ ಟಿ-34 ಟ್ಯಾಂಕ್‌ನ 76 ಮಿ.ಮೀ. ಫಿರಂಗಿ ಜರ್ಮನಿಯ ಟೈಗರ್ ಟ್ಯಾಂಕ್‌ಗೆ ಸಾಲದೆ ಹೋದಾಗ ರಷ್ಯನ್ನರು ಅದೇ ಟಿ-34 ಚಾಸಿಯ ಮೇಲೆ 85 ಮಿ.ಮೀ. ಕೂರಿಸಿ ಎಸ್‌ಯು-85 ಮಾಡಿದರು. ಆಗ ಅದು ನಿಜಕ್ಕೂ ಟಿ-34ಗಿಂತ ಒಳ್ಳೆಯ ಟ್ಯಾಂಕ್ ಬೇಟೆಗಾರ. 1944ರಲ್ಲಿ ದೊಡ್ಡ ಟರೆಟ್‌ನ ಟಿ-34-85 ಬಂತು, ಅದೇ ಅಳತೆಯ ಫಿರಂಗಿ, ಸುತ್ತ ತಿರುಗುವ ಟರೆಟ್ ಬೇರೆ. ಇನ್ನು ಎಸ್‌ಯು-85 ಯಾಕೆ ಬೇಕು? ಅದನ್ನು ನಿಲ್ಲಿಸಿ 100 ಮಿ.ಮೀ. ಹೊತ್ತ ಎಸ್‌ಯು-100ಕ್ಕೆ ಹೋದರು. ಹಾಗಾಗಿ ಡಿಸ್ಟ್ರಾಯರ್‌ನ ಹೆಚ್ಚುಗಾರಿಕೆ ಅನ್ನುವುದು ಟ್ಯಾಂಕ್ ಕಟ್ಟುವವರು ದೊಡ್ಡ ಟರೆಟ್ ಮಾಡಿ ಮುಗಿಸುವವರೆಗೆ ಮಾತ್ರ. ಎಸ್‌ಯು-85 ಟಿ-34ಗಿಂತ ಮೇಲಾ ಅಂತ ಯಾರಾದರೂ ಕೇಳಿದರೆ ಯಾವ ತಿಂಗಳು ಅಂತ ಮರುಪ್ರಶ್ನೆ ಹಾಕಿ.

ಕಾದು ಕೂತವರು, ಬರುತ್ತಿದ್ದವರು

ಈಗ ಹಾಳೆಗೆ ಬನ್ನಿ. ಅಭ್ಯಾಸಕ್ಕೆ ನಾನು ಎಲ್ಲರಿಗೂ ಹೇಳುವುದು ಫ್ರಾನ್ಸ್‌ನ ಲೊರೇನ್ ಸೀಮೆಯ ಆರಕೂರ್ ಕಾದಾಟ, 1944ರ ಸೆಪ್ಟೆಂಬರ್ 19. ಯಾಕೆಂದರೆ ಒಂದೇ ದಿನ, ಒಂದೇ ಮಂಜಿನಲ್ಲಿ, ಒಂದೇ ಶತ್ರುವಿನ ಎದುರು ಅಮೆರಿಕದ ಡಿಸ್ಟ್ರಾಯರ್‌ಗಳೂ ಟ್ಯಾಂಕ್‌ಗಳೂ ಹೋರಾಡಿದವು. ಹೋಲಿಸಲು ಇಷ್ಟು ಒಳ್ಳೆಯ ದಿನ ಇನ್ನೊಂದು ಸಿಗುವುದು ಕಷ್ಟ.

ಬೆಳಗ್ಗೆ ದಟ್ಟ ಮಂಜು. ಜರ್ಮನಿಯ 113ನೇ ಪಾಂಜರ್ ಬ್ರಿಗೇಡ್‌ನ ಟ್ಯಾಂಕ್‌ಗಳು ಮುಂದೆ ಬರುತ್ತಿದ್ದವು. ಅಮೆರಿಕದ 704ನೇ ಟ್ಯಾಂಕ್ ಡಿಸ್ಟ್ರಾಯರ್ ಬಟಾಲಿಯನ್‌ನ ಲೆಫ್ಟಿನೆಂಟ್ ಎಡ್ವಿನ್ ಲೈಪರ್ ನಾಲ್ಕು ಎಂ18 ಕರೆದುಕೊಂಡು ರೆಶಿಕೂರ್ ಹತ್ತಿರ ಹೋಗುತ್ತಿದ್ದಾಗ ಸುಮಾರು 30 ಅಡಿ ದೂರದಲ್ಲಿ ಮಂಜಿನೊಳಗಿಂದ ಜರ್ಮನ್ ಟ್ಯಾಂಕೊಂದರ ಫಿರಂಗಿ ಮೂತಿ ಹೊರಗೆ ಚಾಚಿದ್ದು ಕಂಡಿತು. 30 ಅಡಿ ಅಂದರೆ ನಮ್ಮ ಮನೆ ಬಾಗಿಲಿಂದ ಎದುರು ಮನೆ ಬಾಗಿಲಿಗೆ ಇರುವಷ್ಟು ದೂರ. ಅವರು ಕೈಸನ್ನೆ ಮಾಡಿದ ಕೂಡಲೇ ಎಂ18ಗಳು ಚದುರಿ ತಗ್ಗು ಜಾಗ ಹಿಡಿದವು. ಐದು ನಿಮಿಷದ ಒಳಗೆ ಐದು ಜರ್ಮನ್ ಟ್ಯಾಂಕ್ ಹೋದವು, ಇವರದ್ದು ಒಂದು ಎಂ18 ಹೋಯಿತು. ಉಳಿದವರು ಅಲ್ಲೇ ನಿಂತು ಇನ್ನೂ ಹತ್ತು ಹೊಡೆದರು, ಮತ್ತೆರಡು ಎಂ18 ಕಳೆದುಕೊಂಡರು.

ಇಷ್ಟನ್ನೇ ಓದಿದರೆ 15ಕ್ಕೆ 3, ಡಿಸ್ಟ್ರಾಯರ್ ಗೆದ್ದಿತು ಅಂತ ಬರೆದುಬಿಡುತ್ತೀರಿ. ತಾಳಿ. ಅದೇ ದಿನ 37ನೇ ಟ್ಯಾಂಕ್ ಬಟಾಲಿಯನ್‌ನ ಕ್ಯಾಪ್ಟನ್ ಕೆನೆತ್ ಲ್ಯಾಮಿಸನ್ ತಮ್ಮ ಶರ್ಮನ್‌ಗಳನ್ನು ಬೆಜಾಂಜ್ ಊರಿನ ಪಶ್ಚಿಮದ ದಿಣ್ಣೆಗೆ ಓಡಿಸಿದರು. ಜರ್ಮನ್ ಪ್ಯಾಂಥರ್ ಟ್ಯಾಂಕ್‌ಗಳೂ ಅದೇ ದಿಣ್ಣೆಯ ಕಡೆ ಬರುತ್ತಿದ್ದವು. ಶರ್ಮನ್‌ಗಳು ಮೂರು ನಿಮಿಷ ಮೊದಲು ತಲುಪಿದವು. ಬಂದ ಪ್ಯಾಂಥರ್‌ಗಳಲ್ಲಿ ನಾಲ್ಕು ಹೊಡೆದು, ಉಳಿದವು ತಿರುಗಿ ಗುರಿ ಹಿಡಿಯುವಷ್ಟರಲ್ಲಿ ದಿಣ್ಣೆಯ ಹಿಂದಕ್ಕೆ ಇಳಿದು, ದಕ್ಷಿಣಕ್ಕೆ ಸುತ್ತಿ ಇನ್ನೊಂದು ಕಡೆಯಿಂದ ಮತ್ತೆ ತಲೆ ಎತ್ತಿ ಇನ್ನೂ ನಾಲ್ಕು ಹೊಡೆದವು. ಎದುರು ಬದುರು ನಿಂತರೆ ಪ್ಯಾಂಥರ್ ಮುಂಭಾಗದ ಇಳಿಜಾರು ಕವಚವನ್ನು ಶರ್ಮನ್‌ನ 75 ಮಿ.ಮೀ. ಫಿರಂಗಿ ಒಡೆಯಲಾರದು, ಗೊತ್ತಲ್ವಾ? ಆದರೂ ಹೀಗಾಯಿತು.

ಈಗ ಹಾಳೆಯಲ್ಲಿ ಬರೆಯಿರಿ. ಎಂ18 ಎಡಗಡೆ, ಕಾದು ಕೂತವರು. ಶರ್ಮನ್ ಕೂಡ ಎಡಗಡೆಯೇ. ಪ್ಯಾಂಥರ್‌ಗಳು ಬಲಗಡೆ. ಕಡೆಗೆ ಆ ಮೂರು ನಿಮಿಷವೇ ಫಿರಂಗಿಗಿಂತ ಜಾಸ್ತಿ ಕೆಲಸ ಮಾಡಿತು. ಮಂಜು ಜರ್ಮನ್ ಫಿರಂಗಿಗಳ ದೂರ ಹೊಡೆಯುವ ಶಕ್ತಿಯನ್ನು ಕಿತ್ತುಕೊಂಡಿತ್ತು, ಅವರ ಸಿಬ್ಬಂದಿ ಹೊಸಬರು, ಮುಂದೆ ಏನಿದೆ ಅಂತ ನೋಡಿ ಬರುವ ಪಡೆ ಅವರಿಗೆ ಸಾಕಷ್ಟು ಇರಲಿಲ್ಲ. ಇದನ್ನೂ ಬಲಗಡೆ ಬರೆದುಕೊಳ್ಳಿ. ಯುದ್ಧ ಮುಗಿದ ಮೇಲೆ ಅಮೆರಿಕ ಸೇನೆ ತನ್ನ 3 ಮತ್ತು 4ನೇ ಆರ್ಮರ್ಡ್ ಡಿವಿಷನ್‌ಗಳ ಕಾದಾಟಗಳನ್ನು ಕೂಡಿಸಿ ನೋಡಿದಾಗಲೂ ಮೊದಲು ಕಂಡು ಮೊದಲು ಹೊಡೆದವರ ಕೈ ಮೇಲಾಗಿತ್ತು.

ಎಣಿಕೆಯನ್ನು ಹಾಗೇ ತೆಗೆದುಕೊಳ್ಳಬೇಡಿ

ಹೊಡೆದ ಟ್ಯಾಂಕ್‌ಗಳ ಸಂಖ್ಯೆ ಕಂಡಾಗ ಎರಡು ವಿಷಯ ಕೇಳಿ. ಹೊಡೆದವರು ಹೇಳಿದ ಸಂಖ್ಯೆಯಾ, ಕಳೆದುಕೊಂಡವರು ಬರೆದಿಟ್ಟ ಸಂಖ್ಯೆಯಾ? ಎರಡನೆಯದು, ಸಂಜೆ ಆ ನೆಲ ಯಾರ ಕೈಯಲ್ಲಿತ್ತು? ನೆಲ ಉಳಿಸಿಕೊಂಡವರು ಕೆಟ್ಟು ನಿಂತ ಟ್ಯಾಂಕನ್ನು ಎಳೆದುಕೊಂಡು ಹೋಗಿ ರಿಪೇರಿ ಮಾಡಿ ಮತ್ತೆ ಓಡಿಸುತ್ತಾರೆ. ಹಿಂದೆ ಸರಿದವರಿಗೆ ಬರೀ ಟ್ರ್ಯಾಕ್ ಕಳಚಿದ ವಾಹನವೂ ಪೂರ್ತಿ ನಷ್ಟವೇ.

ಜರ್ಮನಿಯ ಫರ್ಡಿನೆಂಡ್ ಅನ್ನುವ ಡಿಸ್ಟ್ರಾಯರ್ ಇದಕ್ಕೆ ಸರಿಯಾದ ಉದಾಹರಣೆ. ಸುಮಾರು 65 ಟನ್ ತೂಕ, 88 ಮಿ.ಮೀ. ಫಿರಂಗಿ, ಮುಂದೆ 200 ಮಿ.ಮೀ. ಕವಚ. ಮಾಡಿದ್ದು ಸುಮಾರು 90. 1943ರ ಜುಲೈನಲ್ಲಿ ರಷ್ಯಾದ ಕುರ್ಸ್ಕ್‌ನಲ್ಲಿ ಇವನ್ನು ದಾಳಿಯ ಮುಂದಿನ ಸಾಲಿಗೆ ಬಿಟ್ಟರು. ಅಂದರೆ ಕಾದು ಕೂರಬೇಕಾದ ವಾಹನವನ್ನು ಬರುವವರ ಸಾಲಿಗೆ ಹಾಕಿದರು. ಇದರಲ್ಲಿ ಮಷಿನ್ ಗನ್ ಇಲ್ಲದ್ದರಿಂದ ರಷ್ಯದ ಕಾಲಾಳುಗಳು ಹತ್ತಿರ ಬಂದು ಸುಟ್ಟುಬಿಟ್ಟರು ಅಂತ ಎಲ್ಲ ಕಡೆ ಬರೆದಿರುತ್ತದೆ, ಆದರೆ ಪೊನಿರಿ ಹತ್ತಿರ ಬಿಟ್ಟು ಹೋಗಿದ್ದ 21 ಫರ್ಡಿನೆಂಡ್‌ಗಳನ್ನು ರಷ್ಯನ್ನರು ಪರೀಕ್ಷಿಸಿದಾಗ ಅವುಗಳಲ್ಲಿ ಜಾಸ್ತಿ ನೆಲಬಾಂಬಿಗೆ ಸಿಕ್ಕಿ ಟ್ರ್ಯಾಕ್, ಚಕ್ರ ಕಳೆದುಕೊಂಡವೇ ಇದ್ದವು. ಅಷ್ಟು ಭಾರದ ವಾಹನವನ್ನು ಗುಂಡಿನ ಮಳೆಯಲ್ಲಿ ಎಳೆದು ತರುವುದು ಹೇಗೆ? ಅಲ್ಲೇ ಬಿಟ್ಟರು. ಜರ್ಮನಿಯದ್ದೇ ಇನ್ನೊಂದು ಡಿಸ್ಟ್ರಾಯರ್ ಯಾಗ್ಡ್‌ಟೈಗರ್ ಕಥೆಯೂ ಇದೇ, 70 ಟನ್‌ಗೂ ಮೇಲೆ, ಕೆಟ್ಟು ನಿಂತಿತು ಅಂತಲೋ ಇಂಧನ ಮುಗಿಯಿತು ಅಂತಲೋ ಸಿಬ್ಬಂದಿಯೇ ಸಿಡಿಸಿ ಹೋದದ್ದು ಎಷ್ಟೋ.

ಟುನೀಸಿಯಾದ ಎಲ್ ಗೆಟಾರ್ ಕಾದಾಟದಲ್ಲಿ, 1943ರ ಮಾರ್ಚ್ 23ರಂದು, ಅಮೆರಿಕದ 601ನೇ ಡಿಸ್ಟ್ರಾಯರ್ ಬಟಾಲಿಯನ್ ಮುಂತಾದವರು ಸೇರಿ ಸುಮಾರು 30 ಜರ್ಮನ್ ಟ್ಯಾಂಕ್ ತಡೆದರು. 601ನೇ ಬಟಾಲಿಯನ್ ಹತ್ತಿರ ಇದ್ದದ್ದು ತೆಳು ಕವಚದ ಹಾಫ್‌ಟ್ರ್ಯಾಕ್ (ಮುಂದೆ ಚಕ್ರ, ಹಿಂದೆ ಟ್ರ್ಯಾಕ್ ಇರುವ ಲಾರಿ) ಮೇಲೆ ಕಟ್ಟಿದ ಹಳೇ 75 ಮಿ.ಮೀ. ಫಿರಂಗಿ. ಅಂಥವು 20ಕ್ಕೂ ಜಾಸ್ತಿ ಹೋದವು. ಗೆಲುವಾ, ಸೋಲಾ? ನನ್ನ ಮಟ್ಟಿಗೆ ಗೆಲುವೇ, ಯಾಕೆಂದರೆ ದಾಳಿ ನಿಂತಿತು. ಸಂಖ್ಯೆ ಮಾತ್ರ ನೋಡುವವರಿಗೆ ಇದು ಬೇರೆ ಥರ ಕಾಣುತ್ತದೆ.

ಶತ್ರು ಟ್ಯಾಂಕ್ ಬಾರದ ದಿನಗಳನ್ನು ಎಣಿಸಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಯುದ್ಧದಲ್ಲಿ ಜಾಸ್ತಿ ದಿನ ಶತ್ರು ಟ್ಯಾಂಕ್ ಬರುವುದೇ ಇಲ್ಲ. ಬಂಕರ್ ಒಡೆಯಬೇಕು, ಊರು ಹಿಡಿಯಬೇಕು, ಕಾಲಾಳುಗಳಿಗೆ ದಾರಿ ಮಾಡಿಕೊಡಬೇಕು. ಅವತ್ತು ಡಿಸ್ಟ್ರಾಯರ್ ಏನು ಮಾಡುತ್ತದೆ?

ಅಮೆರಿಕ ಈ ಪ್ರಶ್ನೆಗೆ ದೊಡ್ಡ ಬೆಲೆ ತೆತ್ತಿತು. 1940ರಲ್ಲಿ ಜರ್ಮನ್ ಟ್ಯಾಂಕ್‌ಗಳು ಫ್ರಾನ್ಸನ್ನು ಸೀಳಿಕೊಂಡು ಹೋದ ರೀತಿ ನೋಡಿ ಬೆದರಿ, ಜನರಲ್ ಲೆಸ್ಲಿ ಮೆಕ್‌ನೇರ್ ಒತ್ತಾಸೆಯಿಂದ 1941ರಲ್ಲಿ ಡಿಸ್ಟ್ರಾಯರ್‌ಗಳದ್ದೇ ಪ್ರತ್ಯೇಕ ಪಡೆ ಕಟ್ಟಿದರು, ಟೆಕ್ಸಸ್‌ನ ಕ್ಯಾಂಪ್ ಹುಡ್‌ನಲ್ಲಿ ತರಬೇತಿ. 1943ರ ಹೊತ್ತಿಗೆ 106 ಬಟಾಲಿಯನ್. ಯೋಚನೆ ಏನೆಂದರೆ ಇವರೆಲ್ಲ ಹಿಂದೆ ಕಾದಿರುತ್ತಾರೆ, ಎಲ್ಲಿ ಶತ್ರು ಟ್ಯಾಂಕ್ ಗುಂಪಾಗಿ ನುಗ್ಗುತ್ತದೋ ಅಲ್ಲಿಗೆ ಓಡಿ ಹೋಗಿ ತಡೆಯುತ್ತಾರೆ. ಅದಕ್ಕೇ ಎಂ18ಗೆ ರಸ್ತೆಯಲ್ಲಿ ಗಂಟೆಗೆ 88 ಕಿ.ಮೀ. ವೇಗ ಕೊಟ್ಟು, ದೇಹದ ಕವಚವನ್ನು ಅರ್ಧ ಇಂಚಿಗೆ ಇಳಿಸಿದರು. ಆದರೆ ಅವರು ಯುರೋಪ್ ತಲುಪುವ ಹೊತ್ತಿಗೆ ಜರ್ಮನ್ನರೇ ಹಿಂದೆ ಸರಿಯುತ್ತಿದ್ದರು. ಗುಂಪಾಗಿ ನುಗ್ಗುವ ಟ್ಯಾಂಕ್‌ಗಳು ಅಪರೂಪ. ಬಟಾಲಿಯನ್‌ಗಳನ್ನು ಒಡೆದು ಕಾಲಾಳು ಡಿವಿಷನ್‌ಗಳಿಗೆ ಹಂಚಿದರು. ಎಷ್ಟೋ ಬಟಾಲಿಯನ್‌ಗಳು ತಿಂಗಳುಗಟ್ಟಲೆ ಸಾಮಾನ್ಯ ಫಿರಂಗಿ ದಳದ ಥರ ದೂರಕ್ಕೆ ಶೆಲ್ ಹಾರಿಸಿದವು, ಆ ಕೆಲಸವನ್ನು ಚೆನ್ನಾಗಿಯೂ ಮಾಡಿದವು. ಕೆಲವು ಕಡೆ ಅಧಿಕಾರಿಗಳು ಇದೂ ಟ್ಯಾಂಕೇ ಅಲ್ವಾ ಅಂತ ದಾಳಿಯ ಮುಂದೆ ನಡೆಸಿದರು, ಅಲ್ಲಿ ಜೀವ ಹೋದವು. ಹರ್ಟ್‌ಗನ್ ಕಾಡಿನಲ್ಲಿ ಶೆಲ್‌ಗಳು ಮರದ ತುದಿಗೆ ಬಡಿದು ಸಿಡಿದಾಗ ಚೂರುಗಳು ಮೇಲಿಂದ ಸುರಿಯುತ್ತಿದ್ದವು, ಛಾವಣಿ ಇಲ್ಲದ ಟರೆಟ್ ಒಳಗೆ ಕೂತವರ ಗತಿ ಯೋಚಿಸಿ. ಸಿಬ್ಬಂದಿ ತಾವೇ ಮೇಲೆ ಹೊದಿಕೆ ಕಟ್ಟಿಕೊಂಡರು.

ಉತ್ತರ ಆಫ್ರಿಕಾದ ಅನುಭವದ ಮೇಲೆ ಅರ್ಧದಷ್ಟು ಬಟಾಲಿಯನ್‌ಗಳಿಗೆ ವಾಹನ ಕಿತ್ತುಕೊಂಡು ಎಳೆದೊಯ್ಯುವ 3 ಇಂಚಿನ ಫಿರಂಗಿ ಕೊಟ್ಟದ್ದು ಇನ್ನೊಂದು ತಪ್ಪು. ಎರಡು ಟನ್‌ಗೂ ಜಾಸ್ತಿ ತೂಕ. 1944ರ ಡಿಸೆಂಬರ್‌ನಲ್ಲಿ ಆರ್ಡೆನ್ ಕಾಡಿನ ಕೆಸರಲ್ಲಿ ಜರ್ಮನ್ನರು ನುಗ್ಗಿದಾಗ ಅವನ್ನು ಎಳೆದು ಬೇರೆ ಜಾಗಕ್ಕೆ ಒಯ್ಯಲಾಗದೆ ಒಂದರ ಹಿಂದೊಂದು ಕಳೆದುಕೊಂಡರು. ಕಾದು ಕೂತವನಿಗೂ ಎದ್ದು ಜಾಗ ಬದಲಿಸುವ ಶಕ್ತಿ ಬೇಕು. ಇದನ್ನು ಎಡಗಡೆ ಕಾಲಂನಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ಯುದ್ಧ ಮುಗಿದ ಮೇಲೆ ಟ್ಯಾಂಕ್ ತಡೆಯಲು ಒಳ್ಳೆಯ ಟ್ಯಾಂಕೇ ಸರಿ ಅಂತ ತೀರ್ಮಾನಿಸಿ 1946ರಲ್ಲಿ ಆ ಪಡೆಯನ್ನೇ ಮುಚ್ಚಿದರು.

ನಮ್ಮ ಹತ್ತಿರದ ಕಾದಾಟದಲ್ಲಿ ಪರೀಕ್ಷಿಸಿ

ಕೈ ಪಳಗಿದ ಮೇಲೆ 1965ರ ಸೆಪ್ಟೆಂಬರ್‌ಗೆ ಬನ್ನಿ. ಪಂಜಾಬಿನ ಖೇಮಕರಣ್ ಹತ್ತಿರದ ಅಸಲ್ ಉತ್ತರ್. ಪಾಕಿಸ್ತಾನದ ಬಳಿ ಇದ್ದ ಅಮೆರಿಕದ ಪ್ಯಾಟನ್‌ಗಳು ಆ ಕಾಲದ ಒಳ್ಳೆಯ ಟ್ಯಾಂಕ್‌ಗಳು. ನಮ್ಮವರು ಕುದುರೆ ಲಾಳದ ಆಕಾರದಲ್ಲಿ ಕೂತು, ಗದ್ದೆಗಳಿಗೆ ನೀರು ಬಿಟ್ಟು ಕಾದರು. ಎತ್ತರದ ಕಬ್ಬು ಎಲ್ಲವನ್ನೂ ಮರೆಮಾಡಿತ್ತು. 4 ಗ್ರೆನೇಡಿಯರ್ಸ್‌ನ ಹವಾಲ್ದಾರ್ ಅಬ್ದುಲ್ ಹಮೀದ್ ಅವರ ಬಳಿ ಇದ್ದದ್ದು ಜೀಪಿನ ಮೇಲೆ ಕೂರಿಸಿದ 106 ಮಿ.ಮೀ. ರಿಕಾಯಿಲ್‌ಲೆಸ್ ಗನ್ (ಹಾರಿಸಿದಾಗ ಹಿಂದಕ್ಕೆ ಒದೆಯದ ಹಗುರ ಫಿರಂಗಿ). ಕವಚ ಅನ್ನುವುದೇ ಇಲ್ಲ. ಆ ಗನ್ ಹಾರಿದಾಗ ಹಿಂದಕ್ಕೆ ಬೆಂಕಿ, ಹೊಗೆ, ಧೂಳು ಚಿಮ್ಮುತ್ತದೆ, ಕೂತ ಜಾಗ ಶತ್ರುವಿಗೆ ಗೊತ್ತಾಗಿಬಿಡುತ್ತದೆ. ಹೊಡೆದ ಕೂಡಲೇ ಜೀಪನ್ನು ಬೇರೆ ಕಡೆ ಓಡಿಸಬೇಕು, ಮತ್ತೆ ಹೊಡೆಯಬೇಕು. ಅವರು ಹಾಗೆ ಒಂದಾದ ಮೇಲೊಂದು ಪ್ಯಾಟನ್ ಹೊಡೆದು, ಸೆಪ್ಟೆಂಬರ್ 10ರಂದು ಪ್ರಾಣ ಕೊಟ್ಟರು. ಪರಮವೀರ ಚಕ್ರ ಬಂದದ್ದು ಅದಕ್ಕೆ. ಅವರ ಜೀಪು ಅಚ್ಚ ಟ್ಯಾಂಕ್ ಡಿಸ್ಟ್ರಾಯರ್. ಅದೇ ಕಬ್ಬಿನೊಳಗೆ ನಮ್ಮ 3ನೇ ಕ್ಯಾವಲ್ರಿಯ ಸೆಂಚುರಿಯನ್ ಟ್ಯಾಂಕ್‌ಗಳೂ ಅಡಗಿ ಕೂತು, ಕೆಸರಲ್ಲಿ ತಡವರಿಸುತ್ತಿದ್ದ ಪ್ಯಾಟನ್‌ಗಳ ಪಕ್ಕೆಗೆ ಹೊಡೆದವು. ಜೀಪು ಎಷ್ಟು, ಸೆಂಚುರಿಯನ್ ಎಷ್ಟು ಅಂತ ಬೇರೆ ಬೇರೆ ಮಾಡಲು ಹೋಗಬೇಡಿ, ಎರಡನ್ನೂ ಎಡಗಡೆಗೆ ಹಾಕಿ.

ಆಮೇಲೆ ಅದೇ ತಿಂಗಳ ಸಿಯಾಲ್‌ಕೋಟ್ ಕಡೆಯ ನಕ್ಷೆ ತೆಗೆಯಿರಿ. ಅಲ್ಲಿ ಮುಂದೆ ಹೋಗಬೇಕಿದ್ದವರು ನಮ್ಮವರು. ಸೆಪ್ಟೆಂಬರ್ 11ಕ್ಕೆ ಸೆಂಚುರಿಯನ್‌ಗಳು ಫಿಲ್ಲೋರಾ ಹಿಡಿದವು. ಆ ಕೆಲಸವನ್ನು ಎಷ್ಟೇ ಗಟ್ಟಿ ಎದೆಯವರು ಕೂತಿದ್ದರೂ ಜೀಪಿನಿಂದ ಮಾಡಲಾಗುತ್ತಿರಲಿಲ್ಲ. ಅಲ್ಲಿಂದ ಚಾವಿಂಡಾ ಕಡೆ ಹೋದಾಗ ಕಾದು ಕೂತವರು ಪಾಕಿಸ್ತಾನದವರು. ಸೆಪ್ಟೆಂಬರ್ 16ರಂದು ನಮ್ಮ ಪೂನಾ ಹಾರ್ಸ್ ಟ್ಯಾಂಕ್ ಪಡೆಯ ಲೆಫ್ಟಿನೆಂಟ್ ಕರ್ನಲ್ ತಾರಾಪೋರ್ ತಮ್ಮ ಪಡೆಯ ಮುಂದೆಯೇ ಇದ್ದು ಮಡಿದರು. ಚಾವಿಂಡಾ ಕೈಗೆ ಬರಲಿಲ್ಲ. ಅಸಲ್ ಉತ್ತರ್‌ನಲ್ಲಿ ಎಡಗಡೆ ಬರೆದ ಅದೇ ಸೆಂಚುರಿಯನ್ ಹೆಸರನ್ನು ಈಗ ಬಲಗಡೆ ಬರೆಯಿರಿ.